ಓದುಗರ ಪ್ರಶ್ನೆ, ನಮ್ಮ ಉತ್ತರ: 44ನೇ ನಂಬರಿನ ಎರ್ನಿ ಡೇವಿಸ್

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿಯನ್ನು 1961ರಲ್ಲಿ ಗೆದ್ದವರು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಎರ್ನಿ ಡೇವಿಸ್. ಆ ಗೌರವ ಪಡೆದ ಮೊದಲ ಕಪ್ಪುವರ್ಣೀಯ ಆಟಗಾರ ಅವರೇ. ಅವರ ಬಗ್ಗೆ ನಾವು ಪ್ರಕಟಿಸಿದ ಕಿರುಬರಹಕ್ಕೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಡೇವಿಸ್ ಅವರನ್ನು ಒಂದು ಕಡೆ ಹಾಫ್‌ಬ್ಯಾಕ್, ಇನ್ನೊಂದು ಕಡೆ ರನ್ನಿಂಗ್ ಬ್ಯಾಕ್ ಎಂದು ಬರೆದಿದ್ದೀರಿ. ಎರಡೂ ಒಂದೇನಾ? ಈ ಆಟ ನೋಡಿಯೇ ಇಲ್ಲದವರಿಗೆ ಅರ್ಥವಾಗುವಂತೆ ಹೇಳಿ.

ಉತ್ತರ: ಮೈದಾನ 100 ಯಾರ್ಡ್ ಉದ್ದ. ಎರಡೂ ತುದಿಯಲ್ಲಿ 10 ಯಾರ್ಡಿನ ಎಂಡ್ ಝೋನ್. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಪ್ರಯತ್ನ ಸಿಗುತ್ತದೆ. ಅಷ್ಟರಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಎಂಡ್ ಝೋನಿಗೆ ಚೆಂಡು ಒಯ್ದರೆ ಟಚ್‌ಡೌನ್, 6 ಅಂಕ.

ಹನ್ನೊಂದು ಜನರಲ್ಲಿ ಏಳು ಮಂದಿ ಮುಂದಿನ ಸಾಲಿನಲ್ಲಿ, ನಾಲ್ವರು ಹಿಂದೆ. ಆ ಕಾಲದಲ್ಲಿ ಹಿಂದಿನ ನಾಲ್ವರೆಂದರೆ ಆಟ ನಡೆಸುವ ಒಬ್ಬ ಕ್ವಾರ್ಟರ್‌ಬ್ಯಾಕ್, ಇಬ್ಬರು ಹಾಫ್‌ಬ್ಯಾಕ್, ಒಬ್ಬ ಫುಲ್‌ಬ್ಯಾಕ್. ಹಾಫ್‌ಬ್ಯಾಕ್ ಮತ್ತು ಫುಲ್‌ಬ್ಯಾಕ್ ಇಬ್ಬರನ್ನೂ ಒಟ್ಟಾಗಿ ರನ್ನಿಂಗ್ ಬ್ಯಾಕ್ ಅನ್ನುತ್ತಾರೆ. ಹೆಸರು ಓಟಗಾರನದ್ದಾದರೂ ಕೆಲಸ ನಾಲ್ಕು ಬಗೆಯದು: ಚೆಂಡು ಹಿಡಿದು ಓಡುವುದು, ಪಾಸ್ (ಮುಂದಕ್ಕೆ ಎಸೆದ ಚೆಂಡು) ಹಿಡಿಯುವುದು, ಬೇರೆಯವರು ಓಡುವಾಗ ಎದುರಾಳಿಯನ್ನು ಮೈಯಿಂದ ತಡೆಯುವುದು, ಒಮ್ಮೊಮ್ಮೆ ತಾನೇ ಪಾಸ್ ಎಸೆಯುವುದು.

ಡೇವಿಸ್ ಆಡಿದ 1959ರಿಂದ 1961ರ ಅವಧಿಯಲ್ಲಿ ಐದನೆಯ ಕೆಲಸವೂ ಇತ್ತು. ಇಂದಿನ ಹಾಗೆ ದಾಳಿಗೊಂದು ತಂಡ, ರಕ್ಷಣೆಗೆ ಇನ್ನೊಂದು ತಂಡ ಎಂದು ಬದಲಾಯಿಸುವಂತಿರಲಿಲ್ಲ. 1953ರಲ್ಲಿ ಬಂದ ನಿಯಮ ಆಟಗಾರರ ಬದಲಾವಣೆಗೆ ಕಡಿವಾಣ ಹಾಕಿತ್ತು. 60ರ ದಶಕದ ಮಧ್ಯದ ಹೊತ್ತಿಗಷ್ಟೇ ಅದು ಪೂರ್ತಿ ಸಡಿಲವಾಯಿತು. ಹಾಗಾಗಿ ಚೆಂಡು ಕೈತಪ್ಪಿದ ಮರುಕ್ಷಣ ಡೇವಿಸ್ ರಕ್ಷಣೆಯ ಹಿಂದಿನ ಸಾಲಿಗೆ ನಿಲ್ಲಬೇಕಿತ್ತು. ಅವರ ಅಂಕಿಅಂಶ ನೋಡುವವರು ಈ ಸಂಗತಿಯನ್ನು ಮರೆಯುವುದೇ ಹೆಚ್ಚು.

ಪ್ರಶ್ನೆ: ಅವರ ಮೂರು ವರ್ಷದ ಒಟ್ಟು ಓಟ 2,386 ಯಾರ್ಡ್. ಒಕ್ಲಹೋಮ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ 1988ರ ಒಂದೇ ಸೀಸನ್ನಿನಲ್ಲಿ 2,628 ಯಾರ್ಡ್ ಓಡಿದ್ದಾರೆ. ಹಾಗಿದ್ದೂ ಡೇವಿಸ್ ಅವರನ್ನು ಅಷ್ಟು ಎತ್ತರದಲ್ಲಿ ಇಡುವುದೇಕೆ?

ಉತ್ತರ: ಒಟ್ಟು ಯಾರ್ಡ್ ಜೊತೆಗೆ ಎಷ್ಟು ಸಲ ಚೆಂಡು ಕೈಗೆ ಬಂತು ಎಂಬುದನ್ನೂ ನೋಡಬೇಕು. ಸ್ಯಾಂಡರ್ಸ್ ಆ ಒಂದು ಸೀಸನ್ನಿನಲ್ಲಿ 344 ಸಲ ಚೆಂಡು ಹಿಡಿದು ಓಡಿದರು. ಡೇವಿಸ್ ಇಡೀ ಕಾಲೇಜು ಜೀವನದಲ್ಲಿ ಓಡಿದ್ದು 360 ಸಲ. ಸ್ಯಾಂಡರ್ಸ್ ಅವರ ಸೀಸನ್ ಅಸಾಧಾರಣವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಎರಡು ಮೊತ್ತಗಳನ್ನು ನೇರವಾಗಿ ಪಕ್ಕಪಕ್ಕದಲ್ಲಿಟ್ಟರೆ ಯಾರ ಬಗ್ಗೆಯೂ ಏನೂ ತಿಳಿಯುವುದಿಲ್ಲ.

ವರ್ಷವಾರು ಲೆಕ್ಕ ಹೀಗಿದೆ. 1959ರಲ್ಲಿ 98 ಓಟ, 686 ಯಾರ್ಡ್. 1960ರಲ್ಲಿ 112 ಓಟ, 877 ಯಾರ್ಡ್. 1961ರಲ್ಲಿ 150 ಓಟ, 823 ಯಾರ್ಡ್. 1959ರ ಹತ್ತು ಪಂದ್ಯಗಳಿಗೆ 98 ಓಟವೆಂದರೆ ಪಂದ್ಯಕ್ಕೆ ಹತ್ತೂ ಇಲ್ಲ. ಆ ತಂಡದಲ್ಲಿ ಚೆಂಡು ಹಲವರ ನಡುವೆ ಹಂಚಿಹೋಗುತ್ತಿತ್ತು. ಇನ್ನೊಬ್ಬ ಹಾಫ್‌ಬ್ಯಾಕ್ ಗೆರ್ ಶ್ವೇಡೆಸ್, ಫುಲ್‌ಬ್ಯಾಕ್ ಆರ್ಟ್ ಬೇಕರ್ ಇಬ್ಬರೂ ಓಡುವವರೇ.

ಸರಾಸರಿ ತೆಗೆಯುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಮೂರು ವರ್ಷದ ಸರಾಸರಿಗಳಾದ 7.0, 7.8, 5.5 ಇವನ್ನು ಕೂಡಿ ಮೂರರಿಂದ ಭಾಗಿಸಿದರೆ ಸುಮಾರು 6.8 ಬರುತ್ತದೆ. ಅದು ಸರಿಯಲ್ಲ, ಏಕೆಂದರೆ 150 ಓಟದ ವರ್ಷಕ್ಕೂ 98 ಓಟದ ವರ್ಷಕ್ಕೂ ಒಂದೇ ತೂಕ ಕೊಟ್ಟಂತಾಯಿತು. ಒಟ್ಟು ಯಾರ್ಡನ್ನು ಒಟ್ಟು ಓಟದಿಂದ ಭಾಗಿಸಬೇಕು: 2,386 ಭಾಗಿಸು 360, ಅಂದರೆ 6.6.

ಈ 6.6 ಎಷ್ಟು ದೊಡ್ಡದು ಎಂದು ತಿಳಿಯಲು ಅವರ ಕಾಲೇಜಿನವರೇ ಆದ ಜಿಮ್ ಬ್ರೌನ್ ಅವರ ಲೆಕ್ಕ ನೋಡಿ. ಡೇವಿಸ್‌ಗಿಂತ ಮೊದಲು 44ನೇ ನಂಬರಿನ ಜರ್ಸಿ ತೊಟ್ಟು, 1954ರಿಂದ 1956ರವರೆಗೆ ಸಿರಾಕ್ಯೂಸ್‌ಗೆ ಆಡಿದ ಬ್ರೌನ್ 361 ಓಟಗಳಲ್ಲಿ 2,091 ಯಾರ್ಡ್ ಗಳಿಸಿದರು. ಅಂದರೆ ಓಟಕ್ಕೆ 5.8. ಇಬ್ಬರ ಓಟದ ಸಂಖ್ಯೆಯಲ್ಲಿ ವ್ಯತ್ಯಾಸ ಒಂದೇ ಒಂದು. ಇಬ್ಬರಿಗೂ ಕೋಚ್ ಬೆನ್ ಶ್ವಾರ್ಟ್ಸ್‌ವಾಲ್ಡರ್ ಅವರೇ. ಬ್ರೌನ್ ಮುಂದೆ ವೃತ್ತಿಪರ ಆಟದಲ್ಲಿ ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಸೇರಿದವರು. ಅವರಿಗಿಂತ ಸುಮಾರು 300 ಯಾರ್ಡ್ ಹೆಚ್ಚು ಓಡಿದ ಹುಡುಗನ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದನ್ನು ಗಮನಿಸಬೇಕು.

ಮತ್ತೆರಡು ವಿಷಯ ಇದಕ್ಕೆ ಸೇರಿಸಿಕೊಳ್ಳಿ. ಆಗ ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲ. ಹಾಗಾಗಿ ಸಿಗುತ್ತಿದ್ದದ್ದು ಮೂರೇ ಸೀಸನ್. ಎರಡನೆಯದು, ಸೀಸನ್ ಮುಗಿದ ಮೇಲೆ ಆಹ್ವಾನಿತ ತಂಡಗಳು ಆಡುವ ಬೌಲ್ ಪಂದ್ಯಗಳ ಅಂಕಿಗಳು 2002ಕ್ಕೆ ಮೊದಲು ಅಧಿಕೃತ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 1961ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದ ಲಿಬರ್ಟಿ ಬೌಲ್‌ನಲ್ಲಿ ಮಯಾಮಿ ತಂಡದ ವಿರುದ್ಧ ಡೇವಿಸ್ 30 ಓಟಗಳಲ್ಲಿ 140 ಯಾರ್ಡ್ ಗಳಿಸಿದರು. ಅರ್ಧ ಪಂದ್ಯ ಮುಗಿದಾಗ 14-0 ಹಿಂದಿದ್ದ ತಂಡ 15-14ರಿಂದ ಗೆದ್ದಿತು. ಆ 140 ಯಾರ್ಡ್ ಮೇಲಿನ 2,386ರಲ್ಲಿ ಇಲ್ಲ.

1961ರ ಸರಾಸರಿ 5.5ಕ್ಕೆ ಇಳಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. 1959ರ ಗಟ್ಟಿ ಮುಂಚೂಣಿಯವರು ಹೊರಟುಹೋಗಿದ್ದರು, ಎದುರಾಳಿಗಳ ಕಣ್ಣೆಲ್ಲ 44ರ ಮೇಲೆಯೇ ನೆಟ್ಟಿತ್ತು, ಹೊರೆ ಒಂದೂವರೆ ಪಟ್ಟಾಗಿತ್ತು.

ಪ್ರಶ್ನೆ: ಶ್ವಾರ್ಟ್ಸ್‌ವಾಲ್ಡರ್ ಅವರ ಆಟದ ಪದ್ಧತಿಯಲ್ಲಿ ವಿಶೇಷವೇನಿತ್ತು? ಡೇವಿಸ್ ಅದರಲ್ಲಿ ಹೇಗೆ ಹೊಂದಿಕೊಂಡರು?

ಉತ್ತರ: ಮುಂದಿನ ಸಾಲಿನ ಏಳು ಜನರಲ್ಲಿ ನಡುವೆ ನಿಂತು ಚೆಂಡು ಹಿಂದಕ್ಕೆ ಕೊಡುವವನು ಸೆಂಟರ್. ಸಾಮಾನ್ಯವಾಗಿ ಅವನ ಎಡಕ್ಕೆ ಮೂವರು, ಬಲಕ್ಕೆ ಮೂವರು. ಸಿರಾಕ್ಯೂಸ್ ಒಂದು ಪಕ್ಕಕ್ಕೆ ನಾಲ್ವರನ್ನು, ಇನ್ನೊಂದು ಪಕ್ಕಕ್ಕೆ ಇಬ್ಬರನ್ನು ನಿಲ್ಲಿಸುತ್ತಿತ್ತು. ಇದನ್ನು ಅನ್‌ಬ್ಯಾಲೆನ್ಸ್‌ಡ್ ಲೈನ್ ಅನ್ನುತ್ತಾರೆ. ಎದುರಾಳಿ ಇಕ್ಕಟ್ಟಿಗೆ ಸಿಕ್ಕಿಕೊಳ್ಳುವುದು ಇಲ್ಲೇ. ನಾಲ್ವರಿರುವ ಕಡೆಗೆ ತಾನೂ ಸರಿಯದಿದ್ದರೆ ಆ ಪಕ್ಕದಲ್ಲಿ ಸುಲಭವಾಗಿ ನುಗ್ಗುತ್ತಾರೆ. ಸರಿದರೆ ಇನ್ನೊಂದು ಪಕ್ಕ ತೆರವಾಗುತ್ತದೆ.

ಆ ತೆರವಾದ ಪಕ್ಕಕ್ಕೆ ಹೊಡೆಯುವ ಓಟಕ್ಕೆ ಕೌಂಟರ್ ಎಂದು ಹೆಸರು. ಕ್ವಾರ್ಟರ್‌ಬ್ಯಾಕ್ ಚೆಂಡು ಪಡೆದು ಬಲವಾದ ಪಕ್ಕದತ್ತ ಹೊರಟ ಓಟಗಾರನ ಹೊಟ್ಟೆಗೆ ಚೆಂಡು ತುರುಕಿದಂತೆ ನಟಿಸುತ್ತಾನೆ. ಅವನು ಎರಡೂ ತೋಳು ಮಡಚಿ, ತಲೆ ತಗ್ಗಿಸಿ, ಚೆಂಡು ತನ್ನ ಹತ್ತಿರವೇ ಇದೆ ಎಂಬಂತೆ ನುಗ್ಗುತ್ತಾನೆ. ಅಷ್ಟರಲ್ಲಿ ಎದುರು ದಿಕ್ಕಿನಿಂದ ಬರುವ ಹಾಫ್‌ಬ್ಯಾಕ್‌ಗೆ ನಿಜವಾದ ಚೆಂಡು ಸಿಗುತ್ತದೆ. ಸಾಲಿನ ಒಬ್ಬ ಗಾರ್ಡ್ ತನ್ನ ಜಾಗ ಬಿಟ್ಟು ಹಿಂದಿನಿಂದ ಸುತ್ತಿ ಅವನ ಮುಂದೆ ದಾರಿ ಬಿಡಿಸಿಕೊಂಡು ಹೋಗುತ್ತಾನೆ.

ಇದು ಕೆಡುವುದು ಬಹುತೇಕ ಮೂರು ಕಾರಣಕ್ಕೆ. ಹಾಫ್‌ಬ್ಯಾಕ್ ಅರ್ಧ ಸೆಕೆಂಡ್ ಬೇಗ ಹೊರಟರೆ ಎದುರಾಳಿಗೆ ಗುಟ್ಟು ಗೊತ್ತಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಎದುರಾಳಿಗಳಿಗೆ ಪೂರ್ತಿ ಬೆನ್ನು ಮಾಡದಿದ್ದರೆ ಚೆಂಡು ಕಾಣಿಸಿಬಿಡುತ್ತದೆ. ಇನ್ನು ಓಟಗಾರನಿಗೆ ತಾಳ್ಮೆ ಇಲ್ಲದಿದ್ದರೆ ಮುಂದಿರುವ ಗಾರ್ಡ್‌ನ ಬೆನ್ನಿಗೇ ಹೋಗಿ ಡಿಕ್ಕಿ ಹೊಡೆಯುತ್ತಾನೆ. ವೇಗವಿರುವ ಹುಡುಗರು ಮಾಡುವ ತಪ್ಪು ಈ ಮೂರನೆಯದು. ಎರಡು ಹೆಜ್ಜೆ ತಡೆದು, ಗಾರ್ಡ್ ಯಾವ ಪಕ್ಕಕ್ಕೆ ಎದುರಾಳಿಯನ್ನು ತಳ್ಳುತ್ತಾನೆ ನೋಡಿ, ಅದರ ವಿರುದ್ಧ ಪಕ್ಕಕ್ಕೆ ಸರಿದು ಆಮೇಲೆ ಪೂರ್ತಿ ವೇಗಕ್ಕೆ ಹೋಗಬೇಕು. ಡೇವಿಸ್ ಆರಡಿ ಎರಡಂಗುಲ ಎತ್ತರ, ಸುಮಾರು 95 ಕಿಲೋ ತೂಕದವರು. ಅಂಥ ಮೈಕಟ್ಟಿನವರು ಒಮ್ಮೆ ವೇಗ ಹಿಡಿದ ಮೇಲೆ ಬರಿ ಕೈಚಾಚಿ ಹಿಡಿಯಲು ಹೋದವರ ಕೈಗೆ ನಿಲ್ಲುವುದಿಲ್ಲ.

ಮುಂದಿನ ಸಾಲಿನವರ ಪಾಲನ್ನೂ ಹೇಳಲೇಬೇಕು. 1959ರ ಆ ಏಳು ಜನರನ್ನು ಪತ್ರಿಕೆಗಳು ‘ಸೈಝೆಬಲ್ ಸೆವೆನ್’ ಎಂದೇ ಕರೆದವು. ಆ ವರ್ಷ ತಂಡ ಸೀಸನ್ನಿನ ಹತ್ತೂ ಪಂದ್ಯ ಗೆದ್ದು 390 ಅಂಕ ಗಳಿಸಿ, ಕೇವಲ 59 ಬಿಟ್ಟುಕೊಟ್ಟಿತು. ಐದು ಪಂದ್ಯಗಳಲ್ಲಿ ಎದುರಾಳಿಗೆ ಒಂದು ಅಂಕವೂ ಇಲ್ಲ. ಕುತ್ತಿಗೆಗೆ ಬಂದದ್ದು ಒಂದೇ ಪಂದ್ಯ, ಪೆನ್ ಸ್ಟೇಟ್ ವಿರುದ್ಧ 20-18.

ಪ್ರಶ್ನೆ: 1960ರ ಕಾಟನ್ ಬೌಲ್‌ನಲ್ಲಿ ನಿಜವಾಗಿ ಏನಾಯಿತು? ಡೇವಿಸ್ ಅವರ 87 ಯಾರ್ಡಿನ ಟಚ್‌ಡೌನ್ ಓಟವೋ ಪಾಸೋ?

ಉತ್ತರ: ಪಾಸ್. ಅದೂ ಕ್ವಾರ್ಟರ್‌ಬ್ಯಾಕ್ ಎಸೆದದ್ದಲ್ಲ, ಹಾಫ್‌ಬ್ಯಾಕ್ ಶ್ವೇಡೆಸ್ ಎಸೆದದ್ದು. ಹಾಗಾಗಿಯೇ ಗೊಂದಲ.

1960ರ ಜನವರಿ 1, ಡಲ್ಲಾಸ್, ಎದುರಾಳಿ ಟೆಕ್ಸಸ್ ವಿಶ್ವವಿದ್ಯಾಲಯ. ಡೇವಿಸ್‌ಗೆ ಪಂದ್ಯಕ್ಕೆ ಮೊದಲು ತೊಡೆಯ ಹಿಂಬದಿಯ ಸ್ನಾಯು ಎಳೆದುಕೊಂಡಿತ್ತು. ಆಡುವುದೇ ಅನುಮಾನವಿತ್ತು. ಪಂದ್ಯ ಶುರುವಾಗುತ್ತಿದ್ದಂತೆಯೇ ಸಿರಾಕ್ಯೂಸ್ ತನ್ನದೇ 13 ಯಾರ್ಡ್ ಗೆರೆಯ ಬಳಿ ಇದ್ದಾಗ ಶ್ವೇಡೆಸ್ ಚೆಂಡು ಹಿಡಿದು ಪಕ್ಕಕ್ಕೆ ಓಡುವವರಂತೆ ಹೊರಟರು. ಓಟವೆಂದು ನಂಬಿ ಟೆಕ್ಸಸ್‌ನ ಹಿಂದಿನ ಸಾಲಿನವರು ಮುಂದೆ ಬಂದರೆ ಅವರ ಬೆನ್ನ ಹಿಂದೆ ಜಾಗ ಖಾಲಿ. ಈ ತಂತ್ರ ಫಲಿಸಬೇಕಾದರೆ ಎಸೆಯುವವನು ಆಟ ಶುರುವಾದ ಗೆರೆಯನ್ನು ದಾಟುವ ಮೊದಲೇ ಎಸೆಯಬೇಕು, ಹಿಡಿಯುವವನು ತಾನು ತಡೆಯಲು ಹೊರಟವನಂತೆ ತೋರಿಸಿಕೊಂಡು ಆಮೇಲೆ ಜಾರಿಕೊಳ್ಳಬೇಕು. ಡೇವಿಸ್ ಪಾಸ್ ಹಿಡಿದು ಎಂಡ್ ಝೋನ್‌ವರೆಗೂ ಓಡಿದರು, ಎಳೆದ ಸ್ನಾಯುವಿನ ಕಾಲಿನಲ್ಲೇ.

ಆಮೇಲೆ ಒಂದು ಯಾರ್ಡಿನ ಇನ್ನೊಂದು ಟಚ್‌ಡೌನ್, ಎರಡೆರಡು ಅಂಕದ ಎರಡು ಕನ್ವರ್ಷನ್. ಟಚ್‌ಡೌನ್ ಆದ ಮೇಲೆ ಒದ್ದು 1 ಅಂಕ ಪಡೆಯುವ ಬದಲು 3 ಯಾರ್ಡಿನಿಂದ ಮತ್ತೆ ನುಗ್ಗಿ 2 ಅಂಕ ಪಡೆಯುವ ಅವಕಾಶ ಕಾಲೇಜು ಆಟಕ್ಕೆ ಬಂದದ್ದೇ 1958ರಲ್ಲಿ. 23-14ರ ಗೆಲುವಿನಲ್ಲಿ ಡೇವಿಸ್ ಪಾಲು 16 ಅಂಕ. ಜೊತೆಗೆ ರಕ್ಷಣೆಯಲ್ಲಿ ನಿಂತಾಗ ಟೆಕ್ಸಸ್‌ನ ಒಂದು ಪಾಸನ್ನು ಕಸಿದುಕೊಂಡರು, ಅದೂ ಅಂಕಕ್ಕೆ ದಾರಿಯಾಯಿತು. ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂತು.

ಟೆಕ್ಸಸ್ ತಂಡದಲ್ಲಿ ಆಗ ಒಬ್ಬ ಕಪ್ಪುವರ್ಣೀಯನೂ ಇರಲಿಲ್ಲ. ಮೊದಲಾರ್ಧದ ಕೊನೆಗೆ ಮೈದಾನದಲ್ಲಿ ಹೊಡೆದಾಟವಾಯಿತು. ಜನಾಂಗೀಯ ನಿಂದನೆಯೇ ಅದರ ಮೂಲ ಎಂದು ಸಿರಾಕ್ಯೂಸ್ ಆಟಗಾರರು ಹೇಳಿದರು. ಪಂದ್ಯದ ನಂತರದ ಔತಣಕ್ಕೆ ಡೇವಿಸ್ ಬಂದು ಪ್ರಶಸ್ತಿ ತೆಗೆದುಕೊಳ್ಳಬಹುದು, ಆಮೇಲೆ ಹೊರಡಬೇಕು ಎಂದು ತಿಳಿಸಲಾಗಿತ್ತು. ಆ ದಿನ ಮೈದಾನದಲ್ಲಿ ಅವರಷ್ಟು ಆಡಿದವರು ಇನ್ನೊಬ್ಬರಿಲ್ಲ. ಇದನ್ನು ಅಡಿಟಿಪ್ಪಣಿಯಾಗಿ ಬರೆಯುವುದು ನಮಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: 1961ರಲ್ಲಿ ಸಿರಾಕ್ಯೂಸ್ ಮೂರು ಪಂದ್ಯ ಸೋತಿತ್ತು. ಆದರೂ ಹೈಸ್‌ಮನ್ ಡೇವಿಸ್‌ಗೆ ಹೇಗೆ ಬಂತು? ಮತದಾನ ಹೇಗೆ ನಡೆಯುತ್ತದೆ?

ಉತ್ತರ: ಪ್ರತಿ ಮತದಾರರು ಮೂರು ಹೆಸರು ಬರೆಯುತ್ತಾರೆ. ಮೊದಲ ಹೆಸರಿಗೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ. 1961ರಲ್ಲಿ ಡೇವಿಸ್‌ಗೆ 824, ಒಹಾಯೊ ಸ್ಟೇಟ್‌ನ ಫುಲ್‌ಬ್ಯಾಕ್ ಬಾಬ್ ಫರ್ಗುಸನ್‌ಗೆ 771. ಅಂತರ 53. ಟೆಕ್ಸಸ್‌ನ ಜಿಮ್ಮಿ ಸ್ಯಾಕ್ಸ್‌ಟನ್ ಮೂರನೆಯವರು, ಮಿನ್ನೆಸೋಟದ ಕ್ವಾರ್ಟರ್‌ಬ್ಯಾಕ್ ಸ್ಯಾಂಡಿ ಸ್ಟೀಫನ್ಸ್ ನಾಲ್ಕನೆಯವರು. ಫರ್ಗುಸನ್ ಮತ್ತು ಸ್ಟೀಫನ್ಸ್ ಕೂಡ ಕಪ್ಪುವರ್ಣೀಯರು. ಮೊದಲ ನಾಲ್ವರಲ್ಲಿ ಮೂವರು. ಐದು ವರ್ಷ ಮೊದಲು, 1956ರಲ್ಲಿ, ಜಿಮ್ ಬ್ರೌನ್ 986 ಯಾರ್ಡ್ ಓಡಿಯೂ ಐದನೆಯವರಾದರು. ಟ್ರೋಫಿ ಹೋದದ್ದು ಹತ್ತರಲ್ಲಿ ಎಂಟು ಪಂದ್ಯ ಸೋತ ನೋಟರ್ ಡೇಮ್‌ನ ಪಾಲ್ ಹಾರ್ನಂಗ್ ಅವರಿಗೆ. ತಂಡದ ಸೋಲು ಪ್ರಶಸ್ತಿಗೆ ಅಡ್ಡಿ ಎಂದೇನೂ ಇರಲಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಆ ಮೂರು ಸೋಲುಗಳನ್ನೂ ಬಿಡಿಸಿ ನೋಡಿ. ಪೆನ್ ಸ್ಟೇಟ್ ವಿರುದ್ಧದ 14-0 ಸ್ಪಷ್ಟ ಸೋಲು. ಮೇರಿಲ್ಯಾಂಡ್ ವಿರುದ್ಧ 22-21. ನೋಟರ್ ಡೇಮ್ ವಿರುದ್ಧ 17-15, ಅದು ಇಂದಿಗೂ ವಿವಾದ. 15-14ರಿಂದ ಸಿರಾಕ್ಯೂಸ್ ಮುಂದಿದ್ದಾಗ ನೋಟರ್ ಡೇಮ್ ಕೊನೆಯ ಕಿಕ್ ಒದ್ದಿತು, ಗುರಿ ತಪ್ಪಿತು, ಗಡಿಯಾರ ಸೊನ್ನೆಗೆ ಬಂತು. ಆದರೆ ಒದ್ದ ನಂತರ ಸಿರಾಕ್ಯೂಸ್ ಆಟಗಾರ ಡಿಕ್ಕಿ ಹೊಡೆದನೆಂದು ಅಂಪೈರ್‌ಗಳು 15 ಯಾರ್ಡ್ ದಂಡ ಹಾಕಿ ಇನ್ನೊಂದು ಅವಕಾಶ ಕೊಟ್ಟರು. ಎರಡನೆಯ ಕಿಕ್ 41 ಯಾರ್ಡಿನಿಂದ ಒಳಗೆ ಹೋಯಿತು, 3 ಅಂಕ. ಚೆಂಡು ಒದ್ದಾಗಿದೆ ಎಂದರೆ ಅದು ಆ ಹೊತ್ತಿಗೆ ಯಾರ ವಶದಲ್ಲೂ ಇಲ್ಲ, ಅಂಥ ಸಂದರ್ಭದ ತಪ್ಪಿಗೆ ಮುಗಿದ ಆಟವನ್ನು ಆಗಿನ ನಿಯಮದಂತೆ ಮುಂದುವರಿಸುವಂತಿರಲಿಲ್ಲ. ತೀರ್ಪು ತಪ್ಪೆಂದು ಆಮೇಲೆ ಒಪ್ಪಿಕೊಂಡರೂ ಫಲಿತಾಂಶ ಬದಲಾಗಲಿಲ್ಲ.

1961ರ ಡಿಸೆಂಬರ್ 6ರಂದು ಟ್ರೋಫಿ ಪಡೆಯಲು ನ್ಯೂಯಾರ್ಕಿಗೆ ಬಂದಿದ್ದ ಡೇವಿಸ್ ಅವರನ್ನು, ಅದೇ ನಗರದಲ್ಲಿದ್ದ ಅಧ್ಯಕ್ಷ ಜಾನ್ ಕೆನಡಿ ಕರೆಸಿಕೊಂಡು ಕೈಕುಲುಕಿದರು.

ಪ್ರಶ್ನೆ: ವೃತ್ತಿಪರ ಲೀಗಿಗೆ ಅವರನ್ನು ಮೊದಲು ಆರಿಸಿದ್ದು ವಾಷಿಂಗ್ಟನ್. ಆದರೆ ಸೇರಿದ್ದು ಕ್ಲೀವ್‌ಲೆಂಡ್ ಬ್ರೌನ್ಸ್. ಇದರ ಹಿಂದಿನ ಕಥೆ ಏನು?

ಉತ್ತರ: ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರ ಆಯ್ಕೆಯಲ್ಲಿ, ಹಿಂದಿನ ಸೀಸನ್ನಿನಲ್ಲಿ ತೀರಾ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಆ ಸರದಿ ವಾಷಿಂಗ್ಟನ್‌ಗೆ ಬಂದಿತ್ತು. ಲೀಗಿನಲ್ಲಿ ಒಬ್ಬ ಕಪ್ಪುವರ್ಣೀಯ ಆಟಗಾರನನ್ನೂ ಸೇರಿಸಿಕೊಳ್ಳದೆ ಉಳಿದಿದ್ದ ಕೊನೆಯ ತಂಡವೂ ಅದೇ. ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಜಗ್ಗುತ್ತಿರಲಿಲ್ಲ. ಆದರೆ ತಂಡದ ಹೊಸ ಕ್ರೀಡಾಂಗಣ ನಿಂತದ್ದು ಕೇಂದ್ರ ಸರ್ಕಾರದ ಜಮೀನಿನಲ್ಲಿ. ಕೆನಡಿ ಸಂಪುಟದ ಒಳನಾಡು ಸಚಿವ ಸ್ಟುವರ್ಟ್ ಯೂಡಾಲ್, ಭೇದಭಾವ ಬಿಡದಿದ್ದರೆ ಕ್ರೀಡಾಂಗಣವಿಲ್ಲ ಎಂದು ಪಟ್ಟು ಹಿಡಿದರು. ಮಾರ್ಷಲ್ ಮಣಿದು ಡೇವಿಸ್ ಅವರನ್ನು ಮೊದಲ ಆಯ್ಕೆಯಾಗಿ ಹೆಸರಿಸಿದರು. ಆ ಹಕ್ಕನ್ನು ಕ್ಲೀವ್‌ಲೆಂಡ್‌ಗೆ ಬಿಟ್ಟುಕೊಟ್ಟು ಬದಲಿಗೆ ಬಾಬಿ ಮಿಚೆಲ್ ಮತ್ತು ಲೆರಾಯ್ ಜಾಕ್ಸನ್ ಅವರನ್ನು ಪಡೆದರು. ಪ್ರತಿಸ್ಪರ್ಧಿ ಲೀಗಿನ ಬಫಲೊ ಬಿಲ್ಸ್ ಕೂಡ ಡೇವಿಸ್ ಅವರನ್ನು ಆರಿಸಿತ್ತು, ಅವರು ಕ್ಲೀವ್‌ಲೆಂಡನ್ನೇ ಒಪ್ಪಿಕೊಂಡರು. ಅಲ್ಲಿ ಜಿಮ್ ಬ್ರೌನ್ ಆಗಲೇ ಆಡುತ್ತಿದ್ದರು. ಇಬ್ಬರೂ ಒಟ್ಟಿಗೆ ಹಿಂದಿನ ಸಾಲಿನಲ್ಲಿ ನಿಲ್ಲಬೇಕೆಂಬುದು ಯೋಜನೆ.

ಪ್ರಶ್ನೆ: ಕ್ಲೀವ್‌ಲೆಂಡ್ ಸೇರಿದ ಮೇಲೆ ಡೇವಿಸ್‌ಗೆ ಬಂದ ರೋಗ ಹತೋಟಿಗೆ ಬಂದಿತ್ತು ಎನ್ನುತ್ತಾರೆ. ಹಾಗಿದ್ದರೆ ಏಕೆ ಆಡಿಸಲಿಲ್ಲ?

ಉತ್ತರ: 1962ರ ಬೇಸಿಗೆಯಲ್ಲಿ ಷಿಕಾಗೊದ ಕಾಲೇಜು ಆಲ್-ಸ್ಟಾರ್ ಪಂದ್ಯದ ಅಭ್ಯಾಸದ ವೇಳೆ ಕುತ್ತಿಗೆ ಊದಿಕೊಂಡು ಆಸ್ಪತ್ರೆ ಸೇರಿದರು. ತಪಾಸಣೆಯಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ತೀವ್ರ ಬಗೆಯದು ಎಂದು ಗೊತ್ತಾಯಿತು. ಈ ರೋಗದಲ್ಲಿ ಮೂಳೆಯ ಮಜ್ಜೆಯನ್ನು ಕೆಟ್ಟ ಕಣಗಳು ತುಂಬಿಕೊಂಡು ಒಳ್ಳೆಯ ಕಣಗಳಿಗೆ ಜಾಗವೇ ಇಲ್ಲದಂತಾಗುತ್ತದೆ. ಕೆಂಪು ಕಣ ಕಡಿಮೆಯಾದರೆ ಸುಸ್ತು, ಬಿಳಿ ಕಣ ಕೆಟ್ಟರೆ ಸೋಂಕು, ಪ್ಲೇಟ್‌ಲೆಟ್ ಇಳಿದರೆ ರಕ್ತ ಹೆಪ್ಪುಗಟ್ಟದು. ಪ್ರತಿ ಓಟಕ್ಕೂ ಮೈಮೇಲೆ ನಾಲ್ಕಾರು ಜನ ಬೀಳುವ ಆಟದಲ್ಲಿ ಒಳಗೆ ರಕ್ತಸ್ರಾವವಾದರೆ ಜೀವಕ್ಕೇ ಕುತ್ತು.

ಔಷಧಿಗೆ ರೋಗ ಹಿಂದೆ ಸರಿದದ್ದು ನಿಜ. ಅಂಥ ಅವಧಿಯಲ್ಲಿ ರಕ್ತಕಣಗಳು ಚೇತರಿಸಿಕೊಳ್ಳುತ್ತವೆ, ಮನುಷ್ಯ ಹೊರನೋಟಕ್ಕೆ ಪೂರ್ತಿ ಆರೋಗ್ಯವಂತ. ಆದರೆ ಆ ಕಾಲದ ಔಷಧಿಗಳಿಂದ ವಯಸ್ಕರಲ್ಲಿ ಈ ಬಿಡುವು ಸಾಮಾನ್ಯವಾಗಿ ತಿಂಗಳುಗಳ ಲೆಕ್ಕದ್ದು. ಮಾಲೀಕ ಆರ್ಟ್ ಮೊಡೆಲ್ ಆಡಿಸಬೇಕೆಂದರು, ಕೋಚ್ ಪಾಲ್ ಬ್ರೌನ್ ಒಪ್ಪಲಿಲ್ಲ. ನಮ್ಮ ದೃಷ್ಟಿಯಲ್ಲಿ ಕೋಚ್ ನಿರ್ಧಾರವೇ ಸರಿ. ಡೇವಿಸ್ ಮಾತ್ರ ಆಡುವ ಆಸೆ ಬಿಟ್ಟಿರಲಿಲ್ಲ. 1963ರ ಮಾರ್ಚಿನಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಬಂದ ತಮ್ಮ ಲೇಖನದಲ್ಲಿ ತಾನು ದುರದೃಷ್ಟವಂತನಲ್ಲ ಎಂದೇ ಹೇಳಿಕೊಂಡರು. ಮೇ 18ರಂದು ಕ್ಲೀವ್‌ಲೆಂಡ್‌ನಲ್ಲಿ ತೀರಿಕೊಂಡರು. ವಯಸ್ಸು 23.

ಪ್ರಶ್ನೆ: 2008ರಲ್ಲಿ ಬಂದ ಅವರ ಜೀವನದ ಸಿನಿಮಾದಲ್ಲಿ ವೆಸ್ಟ್ ವರ್ಜೀನಿಯಾದ ಪ್ರೇಕ್ಷಕರು ಸಾಮಾನು ಎಸೆಯುವ ದೃಶ್ಯವಿದೆ. ಅದು ನಡೆದದ್ದೇ?

ಉತ್ತರ: ಇಲ್ಲ. 1959ರ ಆ ಪಂದ್ಯ ನಡೆದದ್ದು ಸಿರಾಕ್ಯೂಸ್‌ನ ಸ್ವಂತ ಮೈದಾನದಲ್ಲಿ. ಫಲಿತಾಂಶ 44-0.

ಪ್ರಶ್ನೆ: ಕೆಲವು ಫೋಟೊಗಳಲ್ಲಿ 44, ಕೆಲವುಗಳಲ್ಲಿ 45. ಯಾವುದು ಸರಿ?

ಉತ್ತರ: ಎರಡೂ ಸರಿ. 44 ಸಿರಾಕ್ಯೂಸ್‌ನದು. 45 ಕ್ಲೀವ್‌ಲೆಂಡ್ ಕೊಟ್ಟ ನಂಬರ್. ವೃತ್ತಿಪರ ಪಂದ್ಯವನ್ನು ಅವರು ಒಂದೂ ಆಡಲಿಲ್ಲವಾದ್ದರಿಂದ 45ರ ಚಿತ್ರವನ್ನು ಯಾರಾದರೂ ಪಂದ್ಯದ ಚಿತ್ರ ಎಂದು ತೋರಿಸಿದರೆ ನಂಬಬೇಡಿ. ಅದು ಪ್ರಚಾರಕ್ಕೆ ತೆಗೆದದ್ದು. ಬ್ರೌನ್ಸ್ ತಂಡ ಆ ನಂಬರನ್ನು ಮುಂದೆ ಯಾರಿಗೂ ಕೊಡದೆ ನಿವೃತ್ತಿಗೊಳಿಸಿತು. 44 ಹಾಗೆ ಒಮ್ಮೆಲೇ ನಿಲ್ಲಲಿಲ್ಲ. ಡೇವಿಸ್ ಸ್ವತಃ ಒತ್ತಾಯಿಸಿ ಸಿರಾಕ್ಯೂಸ್‌ಗೆ ಕರೆದಿದ್ದ ಫ್ಲಾಯ್ಡ್ ಲಿಟಲ್, 1964ರಿಂದ 1966ರವರೆಗೆ ಅದೇ ನಂಬರ್ ತೊಟ್ಟು ಮೂರೂ ವರ್ಷ ಆಲ್-ಅಮೆರಿಕನ್ (ದೇಶದ ಶ್ರೇಷ್ಠ ಕಾಲೇಜು ಆಟಗಾರರ ಪಟ್ಟಿಗೆ ಸೇರಿದವರು) ಆದರು. ವಿಶ್ವವಿದ್ಯಾಲಯ 44ಕ್ಕೆ ನಿವೃತ್ತಿಯ ಗೌರವ ಕೊಟ್ಟದ್ದು 2005ರಲ್ಲಿ. ವಿಶ್ವವಿದ್ಯಾಲಯದ ಅಂಚೆ ಪಿನ್ ಕೋಡಿನ ಕೊನೆಯಲ್ಲೂ ಅದೇ 44 ಇದೆ: 13244.